ಗಾಲಿ ಹಾಕಬೇಕಾ, ಬೇಡವಾ? ಭಾರದ ಮೆಷಿನ್‌ಗೆ ಯಾವ ಬೇಸ್ ಸರಿ

30×40 ಸೈಟಿನ ಮನೆಯಲ್ಲಿ ಮರಗೆಲಸ ಮಾಡುವವರಿಗೆ ವರ್ಕ್‌ಶಾಪ್ ಅಂದರೆ ಕಾರ್ ಪಾರ್ಕಿಂಗ್ ಜಾಗ. ಟೇಬಲ್ ಸಾ (ಮೇಜಿನ ಮಧ್ಯೆ ಬ್ಲೇಡ್ ತಿರುಗುವ ಗರಗಸ), ಬ್ಯಾಂಡ್ ಸಾ (ಮೇಲೆ ಕೆಳಗೆ ಎರಡು ಚಕ್ರದ ಮೇಲೆ ಪಟ್ಟಿ ಬ್ಲೇಡ್ ಓಡುವ ಗರಗಸ), ಪ್ಲೇನರ್ (ಮರ ಹೆರೆಯುವ ಮೆಷಿನ್), ಪಿಲ್ಲರ್ ಡ್ರಿಲ್ (ಕಂಬದ ಮೇಲೆ ಕೂತ ಡ್ರಿಲ್) ಎಲ್ಲ ಅಷ್ಟರಲ್ಲೇ ಇರಬೇಕು, ಸಂಜೆಗೆ ಕಾರೂ ಒಳಗೆ ಬರಬೇಕು. 8×4 ಪ್ಲೈವುಡ್ ಶೀಟನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ ಖಾಲಿ ಬೇಕು. ಮೂಲೆಯಲ್ಲಿ ಅದು ಸಿಗುವುದಿಲ್ಲ, ಮೆಷಿನ್ನನ್ನು ಮಧ್ಯಕ್ಕೇ ಎಳೆಯಬೇಕು. ಆಗ ಎಲ್ಲರಿಗೂ ಹೊಳೆಯುವುದು ಒಂದೇ: ಕೆಳಗೆ ನಾಲ್ಕು ಗಾಲಿ ಹಾಕಿಬಿಡೋಣ.

ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡಬಹುದು. ಜರುಗಿಸುವಾಗ ಮೆಷಿನ್ ಗಾಲಿ ಮೇಲೆ ಇರಲಿ, ಮರ ಕೊಯ್ಯುವಾಗ ಕಾಲ ಮೇಲೆ ನಿಲ್ಲಲಿ. ಎರಡಕ್ಕೂ ಗಾಲಿಯೇ ಅಂದರೆ ಯಾವ ಬ್ರೇಕ್ ಹಾಕಿದರೂ ಸ್ವಲ್ಪ ಅಲ್ಲಾಡುತ್ತದೆ. ಕೆಳಗಿನ ಹೋಲಿಕೆಯನ್ನೆಲ್ಲ ಇದೊಂದು ಅಳತೆಗೋಲು ಇಟ್ಟುಕೊಂಡೇ ಮಾಡಿದ್ದೇನೆ.

ಮೊದಲು ಎರಡು ಪ್ರಶ್ನೆ

ಒಂದು, ಎಷ್ಟು ಸಲ ಜರುಗಿಸುತ್ತೀರಿ? ದಿನಾನಾ, ವಾರಕ್ಕೊಮ್ಮೆನಾ, ಮನೆ ಬದಲಾಯಿಸುವಾಗ ಮಾತ್ರನಾ? ವರ್ಷಕ್ಕೆ ಒಂದೆರಡು ಸಲ ಅಂದರೆ ಬೇಸ್‌ಗೆ ದುಡ್ಡು ಹಾಕಬೇಡಿ. ಒಂದು ಹಾರೆ, ಒಂದೂವರೆ ಇಂಚಿನ ನಾಲ್ಕು ತುಂಡು ಜಿಐ ಪೈಪು, ಜೊತೆಗೆ ಇಬ್ಬರು ಗೆಳೆಯರು ಸಾಕು. ಪೈಪ್ ಮೇಲೆ ಉರುಳಿಸುತ್ತಾ ಹಿಂದಿನದ್ದನ್ನು ತೆಗೆದು ಮುಂದಕ್ಕೆ ಇಡುವುದು ಹಳೆಯ ಪದ್ಧತಿ. ಲೇತ್ ಸಾಗಿಸುವವರು ಇವತ್ತಿಗೂ ಹಾಗೇ ಮಾಡುತ್ತಾರೆ.

ಎರಡು, ತೂಕ ಎಷ್ಟು? ಇಲ್ಲಿ ಅಂತರ ತುಂಬ ದೊಡ್ಡದು. ಡೀವಾಲ್ಟ್ ಡಿಡಬ್ಲ್ಯೂ745 ಥರದ ಸಣ್ಣ ಟೇಬಲ್ ಸಾ ಸುಮಾರು 22 ಕೆ.ಜಿ. ಅದನ್ನು ಸುಮ್ನೆ ಎತ್ತಿಕೊಂಡು ಹೋಗಿ, ಮಡಚುವ ಸ್ಟ್ಯಾಂಡ್ ಮೇಲೆ ಇಡಿ. ಅದೇ ಕಂಪನಿಯ 735 ಥಿಕ್‌ನೆಸ್ ಪ್ಲೇನರ್ (ಹಲಗೆಯ ದಪ್ಪ ಒಂದೇ ಸಮ ಮಾಡುವುದು) ಸುಮಾರು 42 ಕೆ.ಜಿ. ಇಬ್ಬರು ಎತ್ತಬಹುದು, ಆದರೆ ದಿನಾ ಎತ್ತಿದರೆ ಸೊಂಟ ಹೋಗುತ್ತದೆ, ಹಾಗಾಗಿ ಗಾಲಿ ಇರುವ ಗಟ್ಟಿ ಕಪಾಟಿನ ಮೇಲೆ ಕೂರಿಸಿದರೆ ಮುಗಿಯಿತು. 14 ಇಂಚಿನ ಬ್ಯಾಂಡ್ ಸಾ 100 ಕೆ.ಜಿ. ಆಸುಪಾಸು. ಕ್ಯಾಬಿನೆಟ್ ಮಾದರಿಯ ಟೇಬಲ್ ಸಾ, ಬಟಾಲ ರಾಜ್‌ಕೋಟ್ ಕಡೆಯಿಂದ ಬರುವ ಬೀಡಿನ (ಎರಕದ ಕಬ್ಬಿಣದ) ಪ್ಲೇನರ್ ಇವೆಲ್ಲ 200 ಕೆ.ಜಿ. ದಾಟುವುದು ಮಾಮೂಲು. ತಲೆನೋವು ಶುರುವಾಗುವುದೇ ಈ 100ರ ಮೇಲಿನವುಗಳಲ್ಲಿ.

ಇನ್ನೊಂದು ವಿಷಯ ಹಲವರು ಮರೆಯುತ್ತಾರೆ. ನಮ್ಮ ದೇಶದ ಬೀಡಿನ ಮೆಷಿನ್‌ಗಳಲ್ಲಿ ಎಷ್ಟೋ ಮೋಟಾರ್ ಇಲ್ಲದೇ ಬರುತ್ತವೆ, ಮೋಟಾರನ್ನು ಹಿಂದೆ ನೆಲದ ಮೇಲೆ ಪ್ರತ್ಯೇಕವಾಗಿ ಕೂರಿಸಿ ಬೆಲ್ಟ್ ಹಾಕುತ್ತಾರೆ. ಅಂಥ ಮೆಷಿನ್ ಕೆಳಗೆ ಮಾತ್ರ ಗಾಲಿ ಹಾಕಿದರೆ ಮೋಟಾರ್ ಅಲ್ಲೇ ಉಳಿಯುತ್ತದೆ ಅಲ್ವಾ? ಮೆಷಿನ್, ಮೋಟಾರ್ ಎರಡೂ ಒಂದೇ ಫ್ರೇಮ್ ಮೇಲೆ ಇರಬೇಕು, ಫ್ರೇಮ್ ಬಾಗಬಾರದು. ಸ್ವಲ್ಪ ಬಾಗಿದರೂ ಎರಡು ಪುಲ್ಲಿಗಳ ಸಾಲು ತಪ್ಪಿ ಬೆಲ್ಟ್ ಒಂದು ಪಕ್ಕ ಸವೆಯುತ್ತದೆ. ಮೋಟಾರ್ ಹಿಂದಿರುವ ಕಾರಣ ಭಾರವೂ ಹಿಂದಕ್ಕೆ ವಾಲಿರುತ್ತದೆ. ಗಾಲಿ ಎಲ್ಲಿ ಕೂರಬೇಕು ಅನ್ನುವುದನ್ನು ಮೋಟಾರ್ ಸಮೇತ ನೋಡಿ ತೀರ್ಮಾನಿಸಿ.

ಗಾಲಿಯ ಲೆಕ್ಕ

ಬೇಸ್ ಯಾವುದೇ ಇರಲಿ, ಗಾಲಿ ಸರಿ ಇಲ್ಲದಿದ್ದರೆ ಎಲ್ಲ ವ್ಯರ್ಥ. ಅಂಗಡಿಯಲ್ಲಿ ಕೇಳಿದರೆ ಫಿಕ್ಸ್ (ನೇರ ಮಾತ್ರ ಉರುಳುವುದು), ರಿವಾಲ್ವಿಂಗ್ (ಎಲ್ಲ ದಿಕ್ಕಿಗೂ ತಿರುಗುವುದು), ಬ್ರೇಕ್ ಇರುವುದು ಅಂತ ಮೂರು ಥರ ತೋರಿಸುತ್ತಾರೆ. ಒಂದೊಂದರ ಮೇಲೂ ಇಷ್ಟು ಕೆ.ಜಿ. ಅಂತ ಬರೆದಿರುತ್ತದೆ. ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ಯಾಕೆಂದರೆ ನಮ್ಮ ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ನಾಲ್ಕರಲ್ಲಿ ಒಂದು ಗಾಲಿ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಮೆಷಿನ್ 220, ಫ್ರೇಮ್ 15, ಮೇಲೆ ಇಟ್ಟ ಪ್ಲೈವುಡ್ 35 ಸೇರಿ 270 ಕೆ.ಜಿ. ಆಯಿತು ಅಂದುಕೊಳ್ಳಿ. ಒಂದು ಗಾಲಿಗೆ 90 ಬಂತು. ಬರೆದಿರುವ ಅಂಕಿ ನುಣುಪು ನೆಲದ ಮೇಲೆ ನಿಧಾನ ನಡಿಗೆಗೆ ಕೊಟ್ಟದ್ದು. ಹಾಗಾಗಿ 120 ಅಥವಾ 150ರದ್ದು ತೆಗೆದುಕೊಳ್ಳಿ. ವ್ಯತ್ಯಾಸ ದೊಡ್ಡ ದುಡ್ಡೇನಲ್ಲ.

ವಸ್ತುವಿನ ವಿಷಯಕ್ಕೆ ಬಂದರೆ, ನೈಲಾನ್ ಗಾಲಿ ಹಗುರಾಗಿ ಉರುಳುತ್ತದೆ, ಭಾರವನ್ನೂ ಹೊರುತ್ತದೆ. ಆದರೆ ಗಡಗಡ ಸದ್ದು ಮಾಡುತ್ತದೆ, ಟೈಲ್ಸ್ ಕೆಳಗೆ ಟೊಳ್ಳಿದ್ದರೆ ಬಿರುಕು ಗ್ಯಾರಂಟಿ. ರಬ್ಬರ್ ಮೆತ್ತಗೆ, ಸದ್ದಿಲ್ಲ. ಆದರೆ ಭಾರ ಹೊತ್ತು ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಅಡಿಭಾಗ ಚಪ್ಪಟೆಯಾಗಿ, ಆಮೇಲೆ ಎಳೆಯುವಾಗ ಟಕ್ ಟಕ್ ಅನ್ನುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಕಪ್ಪು ಗೆರೆಯನ್ನೂ ಬಿಡಬಹುದು. ಪಿಯು (ಪಾಲಿಯುರೆಥೇನ್) ಗಾಲಿ ಇವೆರಡರ ನಡುವೆ. ಮರಗೆಲಸದ ಶೆಡ್‌ಗೆ ನಾನು ಕಣ್ಣು ಮುಚ್ಚಿ ಪಿಯು ಹೇಳುತ್ತೇನೆ. ಕಬ್ಬಿಣದ ಕೆಲಸವೂ ಅಲ್ಲೇ ನಡೆಯುತ್ತಿದ್ದರೆ ಮಾತ್ರ ನೈಲಾನ್ ಒಳ್ಳೆಯದು, ಯಾಕೆಂದರೆ ಪಿಯುಗೆ ಕಬ್ಬಿಣದ ಚೂರು ಚುಚ್ಚಿಕೊಂಡು ಅಲ್ಲೇ ಕೂತುಬಿಡುತ್ತದೆ.

ವ್ಯಾಸ ದೊಡ್ಡದಾದಷ್ಟೂ ಒಳ್ಳೆಯದು, ಒಂದು ಹಂತದವರೆಗೆ. ಶಹಾಬಾದ್ ಕಲ್ಲು, ಕಡಪಾ ಕಲ್ಲು ಹಾಸಿದ ಶೆಡ್‌ಗಳಲ್ಲಿ ಸಂದು ಇದ್ದೇ ಇರುತ್ತದೆ. 50 ಮಿ.ಮೀ. ಗಾಲಿ ಆ ಸಂದಿಗೆ ಬಿದ್ದರೆ 200 ಕೆ.ಜಿ. ಮೆಷಿನ್ ನಿಂತಲ್ಲೇ ನಿಂತು, ತಳ್ಳುವವರ ಭಾರವೆಲ್ಲ ಮೇಲ್ಭಾಗಕ್ಕೆ ಬೀಳುತ್ತದೆ. ಬ್ಯಾಂಡ್ ಸಾ ಮಗುಚುವುದು ಹೀಗೇ. 100 ಮಿ.ಮೀ. ಗಾಲಿ ಅಂಥ ಸಂದಿಗಳನ್ನು ಗಮನಿಸುವುದೇ ಇಲ್ಲ. ಆದರೆ 100ರ ಗಾಲಿ ತನ್ನ ಪ್ಲೇಟ್ ಸೇರಿ 125 ಮಿ.ಮೀ. ಮೇಲೆ ಎತ್ತರ ಬರುತ್ತದೆ, ಅಂದರೆ ಟೇಬಲ್ ಸಾ ಮೇಲ್ಮೈ ಐದು ಇಂಚು ಮೇಲಕ್ಕೆ ಹೋಯಿತು. ಸೊಂಟದ ಹತ್ತಿರ ಇರಬೇಕಾದ ಟೇಬಲ್ ಹೊಟ್ಟೆ ದಾಟುತ್ತದೆ, ಮರ ತಳ್ಳುವಾಗ ಭುಜ ಮೇಲೇಳುತ್ತದೆ, ಕೊಯ್ದ ಮರ ಬಂದು ಕೂರಲಿ ಅಂತ ಬ್ಲೇಡಿನ ಹಿಂದೆ ಮಾಡಿಟ್ಟಿದ್ದ ಔಟ್‌ಫೀಡ್ ಟೇಬಲ್ ತಗ್ಗಾಗುತ್ತದೆ. ಪರಿಹಾರ ಸುಲಭ. ಗಾಲಿಯನ್ನು ಫ್ರೇಮಿನ ಕೆಳಗೆ ಹಾಕಬೇಡಿ, ಪಕ್ಕಕ್ಕೆ ಕಿವಿಯ ಹಾಗೆ ಪಟ್ಟಿ ಚಾಚಿ ಅದಕ್ಕೆ ಹಾಕಿ. ಆಗ ಫ್ರೇಮ್ ನೆಲದಿಂದ 15-20 ಮಿ.ಮೀ. ಮೇಲೆ ಮಾತ್ರ ಇರುತ್ತದೆ. ಕಾಲಿಗೆ ತಾಗುವ ಕಿರಿಕಿರಿ ಒಂದಿದೆ, ಅದನ್ನು ತಡೆದುಕೊಳ್ಳಿ.

ಬ್ರೇಕ್ ಬಗ್ಗೆ ಒಂದು ಮಾತು. ಮಾಮೂಲಿ ಬ್ರೇಕ್ ಹಿಡಿಯುವುದು ಗಾಲಿ ಉರುಳುವುದನ್ನು ಮಾತ್ರ, ಅದರ ತಲೆ (ಗಾಲಿಯನ್ನು ದಿಕ್ಕು ತಿರುಗಿಸುವ ಮೇಲಿನ ಭಾಗ) ತಿರುಗುವುದನ್ನು ಅಲ್ಲ. ನಾಲ್ಕೂ ಬ್ರೇಕ್ ಒತ್ತಿ, ಪೆನ್ಸಿಲ್‌ನಲ್ಲಿ ನೆಲದ ಮೇಲೆ ಫ್ರೇಮಿನ ಅಂಚು ಗುರುತು ಮಾಡಿ, ಟೇಬಲನ್ನು ಎರಡೂ ಕೈಯಲ್ಲಿ ಪಕ್ಕಕ್ಕೆ ನೂಕಿ ನೋಡಿ. ತಲೆಗಳು ಒಂದೊಂದಾಗಿ ಹೊರಳಿ ಅಂಚು ಗುರುತು ಬಿಟ್ಟು ಒಂದೆರಡು ಸೆಂ.ಮೀ. ಆಚೆ ಹೋಗಿರುತ್ತದೆ. ಇದೇ ಜರುಗಾಟ ಬ್ಲೇಡ್ ತಿರುಗುತ್ತಿರುವಾಗ, ಗಟ್ಟಿ ಹೊನ್ನೆ ಮರದ ಹಲಗೆ ಅರ್ಧ ಕೊಯ್ದಿರುವಾಗ ಆದರೆ ಹೇಗಿರುತ್ತದೆ ಯೋಚಿಸಿ. ಗಾಲಿ, ತಲೆ ಎರಡನ್ನೂ ಒಟ್ಟಿಗೆ ಹಿಡಿಯುವ ಟೋಟಲ್ ಲಾಕ್ ಗಾಲಿಗಳಿವೆ. ಬ್ರೇಕ್ ಮೇಲೆಯೇ ನಿಲ್ಲಿಸಬೇಕು ಅಂತಿದ್ದರೆ ಅವನ್ನೇ ತನ್ನಿ. ಆದರೂ ಮರದ ಪುಡಿ ಸೇರಿ ಸೇರಿ ಹಿಡಿತ ಸಡಿಲ ಆಗುತ್ತದೆ, ಆಗಾಗ ಗಾಳಿ ಹೊಡೆದು ಸ್ವಚ್ಛ ಮಾಡಬೇಕು.

ಆಯ್ಕೆಗಳು, ಒಂದೊಂದಾಗಿ

ರೆಡಿಮೇಡ್ ಬೇಸ್. ಉದ್ದ ಅಗಲ ಹೆಚ್ಚು ಕಡಿಮೆ ಮಾಡಬಹುದಾದ ಕಬ್ಬಿಣದ ಚೌಕಟ್ಟು. ಹಿಂದೆ ಎರಡು ಫಿಕ್ಸ್ ಗಾಲಿ, ಮುಂದೆ ಕಾಲಲ್ಲಿ ಒತ್ತುವ ಪೆಡಲ್, ಅದರ ಕೆಳಗೆ ತಿರುಗುವ ಒಂದು ಗಾಲಿ. ಪೆಡಲ್ ಒತ್ತಿದರೆ ಮುಂಭಾಗ ಮೇಲೇಳುತ್ತದೆ, ಬಿಟ್ಟರೆ ಮುಂದಿನ ಕಾಲು ನೆಲಕ್ಕೆ ಕೂರುತ್ತದೆ. ಆನ್‌ಲೈನ್‌ನಲ್ಲಿ ತರಿಸಿಕೊಂಡರೆ ಅರ್ಧ ಗಂಟೆಯಲ್ಲಿ ಜೋಡಿಸಬಹುದು, ಅದೇ ದೊಡ್ಡ ಅನುಕೂಲ. ಕೊರತೆಯೂ ಇದೆ. ಒಂದರೊಳಗೊಂದು ಜಾರುವ ಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ದೊಡ್ಡ ಅಳತೆಗೆ ಎಳೆದಷ್ಟೂ ಜೋಡಣೆ ಸಡಿಲ. ಇನ್ನು ಎತ್ತಿದಾಗ ಮೆಷಿನ್ ಮೂರು ಗಾಲಿಯ ತ್ರಿಕೋನದ ಮೇಲೆ ನಿಲ್ಲುತ್ತದೆ, ಮುಂದಿನ ಎರಡು ಮೂಲೆಗಳಿಗೆ ಆಸರೆ ಇರುವುದಿಲ್ಲ. ಜೋರಾಗಿ ತಿರುಗಿಸಿದರೆ ಆ ಮೂಲೆಯ ಕಡೆಗೇ ವಾಲುತ್ತದೆ. ಅಗಲ ಕಾಲಿನ ಟೇಬಲ್ ಸಾಗೆ ತೊಂದರೆ ಇಲ್ಲ. ತಲೆಭಾರದ ಬ್ಯಾಂಡ್ ಸಾಗೆ ನಾನು ಇದನ್ನು ಹೇಳುವುದಿಲ್ಲ.

ಪ್ಲೈವುಡ್ ಹಲಗೆ. 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿ, ಕೆಳಗೆ ಗಾಲಿ ಹಾಕುವುದು. ಮನೆಯಲ್ಲಿ ಬಿದ್ದಿರುವ ತುಂಡುಗಳಲ್ಲೇ ಆಗುತ್ತದೆ, ವೆಲ್ಡಿಂಗ್ ಅಂಗಡಿಗೆ ಓಡಾಡಬೇಕಿಲ್ಲ. 100 ಕೆ.ಜಿ. ವರೆಗೆ ಚೆನ್ನಾಗಿಯೇ ನಡೆಯುತ್ತದೆ. ಗಾಲಿಯನ್ನು ಸ್ಕ್ರೂನಲ್ಲಿ ಕೂರಿಸಬೇಡಿ, 8 ಮಿ.ಮೀ. ಬೋಲ್ಟ್ ಆರಪಾರ ಹಾಕಿ ಮೇಲೆ ಅಗಲವಾದ ವಾಷರ್ ಕೊಡಿ. ಅಡ್ಡ ತಳ್ಳಿದಾಗಲೆಲ್ಲ ಗಾಲಿ ಸ್ಕ್ರೂವನ್ನು ಮೀಟುತ್ತಾ ಇರುತ್ತದೆ, ಪ್ಲೈ ಅಷ್ಟು ತಡೆಯುವುದಿಲ್ಲ. 200 ಕೆ.ಜಿ. ಬೀಡಿನ ಮೆಷಿನ್‌ಗೆ ಮಾತ್ರ ಪ್ಲೈ ಬೇಡವೇ ಬೇಡ, ಮಧ್ಯದಲ್ಲಿ ಬಗ್ಗುತ್ತದೆ.

ಕಾಲಿಗೆ ಜೋಡಿಸುವ ಮಡಚು ಗಾಲಿ. ವರ್ಕ್‌ಬೆಂಚಿನ ನಾಲ್ಕು ಕಾಲಿಗೆ ಪಕ್ಕದಿಂದ ಸ್ಕ್ರೂ ಮಾಡುವಂಥದ್ದು. ಪಟ್ಟಿಯನ್ನು ಕಾಲಲ್ಲಿ ಒತ್ತಿದರೆ ಬೆಂಚು ಒಂದು ಬೆರಳಷ್ಟು ಮೇಲೇಳುತ್ತದೆ, ಬಿಟ್ಟರೆ ಕಾಲು ಮತ್ತೆ ನೆಲಕ್ಕೆ. ಕಾಲ ಮೇಲೆ ನಿಲ್ಲಬೇಕು ಅನ್ನುವ ನನ್ನ ಹಟಕ್ಕೆ ಇದು ಪೂರ್ತಿ ಒಪ್ಪುತ್ತದೆ. ಬೆಂಚಿಗೆ, ಕಪಾಟಿನ ಮೇಲಿನ ಪ್ಲೇನರ್‌ಗೆ ಬಹಳ ಒಳ್ಳೆಯದು. ಹೆಚ್ಚು ಭಾರ ಇದ್ದರೆ ಒತ್ತುವುದೇ ಸಾಹಸ.

ಗಾಲಿ, ಪಾದ ಎರಡೂ ಒಂದರಲ್ಲೇ ಇರುವ ಲೆವೆಲಿಂಗ್ ಕ್ಯಾಸ್ಟರ್. ಕೊರಿಯಾದ ಫುಟ್‌ಮಾಸ್ಟರ್ ಹೆಸರು ಇದರಲ್ಲಿ ಎಲ್ಲರಿಗೂ ಗೊತ್ತು, ಅದೇ ಮಾದರಿಯ ಬೇರೆಯವೂ ಈಗ ಸಿಗುತ್ತವೆ. ಗಾಲಿಯ ಪಕ್ಕದಲ್ಲೇ ಹಲ್ಲುಚಕ್ರ ಇರುತ್ತದೆ, ಬೆರಳಲ್ಲಿ ಅಥವಾ ಸ್ಪ್ಯಾನರ್‌ನಲ್ಲಿ ತಿರುಗಿಸಿದರೆ ರಬ್ಬರ್ ಪಾದ ಕೆಳಗಿಳಿದು ಗಾಲಿಯನ್ನು ನೆಲದಿಂದ ಎತ್ತುತ್ತದೆ. ನಾಲ್ಕೂ ಬೇರೆ ಬೇರೆಯಾಗಿ ಇಳಿಯುವುದರಿಂದ ಇಳಿಜಾರು ನೆಲದಲ್ಲೂ ಮೆಷಿನ್ನನ್ನು ಮಟ್ಟಕ್ಕೆ ತರಬಹುದು. ಭಾರವನ್ನೂ ಸಲೀಸಾಗಿ ಹೊರುತ್ತದೆ. ಆದರೆ ಗಾಲಿ ಚಿಕ್ಕದು, ಎರಡು ಇಂಚಿನ ಆಸುಪಾಸು, ಕಲ್ಲಿನ ಸಂದಿಯಲ್ಲಿ ಒದ್ದಾಡುತ್ತದೆ. ದಿನಕ್ಕೆ ಎರಡು ಸಲ ನೆಲಕ್ಕೆ ಕೂತು ನಾಲ್ಕು ಹಲ್ಲುಚಕ್ರ ತಿರುಗಿಸುವ ತಾಳ್ಮೆ ಎಷ್ಟು ಜನಕ್ಕಿದೆ? ವಾರಕ್ಕೊಮ್ಮೆ ಜರುಗಿಸುವ, ನುಣುಪು ಸಿಮೆಂಟ್ ನೆಲದ ಮೇಲಿನ ಮೆಷಿನ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ದಿನಾ ಜರುಗಿಸುವವರಿಗೆ ಬೇಡ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಫ್ರೇಮ್. ನನ್ನ ಓಟು ಇದಕ್ಕೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

40×40×5 ಮಿ.ಮೀ. ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ) ಮೀಟರಿಗೆ ಸುಮಾರು 3 ಕೆ.ಜಿ. ತೂಗುತ್ತದೆ. 60×70 ಸೆಂ.ಮೀ. ಚೌಕಟ್ಟಿಗೆ 2.6 ಮೀಟರ್ ಬೇಕು, ಅಂದರೆ 8 ಕೆ.ಜಿ. ಕಬ್ಬಿಣ. ಆಂಗ್ಲರ್ ಒಳಮುಖವಾಗಿ ಇಟ್ಟರೆ ತಟ್ಟೆಯ ಹಾಗೆ ಆಗುತ್ತದೆ, ಮೆಷಿನ್ನಿನ ಬುಡ ಅದರೊಳಗೆ ಕೂರುತ್ತದೆ, ಜಾರುವುದಿಲ್ಲ. 250 ಕೆ.ಜಿ. ಮೇಲೆ ಇದ್ದರೆ 50×50×6 ಹಾಕಿಸಿ. ಮಧ್ಯೆ ಒಂದು ಅಡ್ಡಪಟ್ಟಿ ಇರಲಿ. ಮೂಲೆಗಳಲ್ಲಿ ನಟ್ ವೆಲ್ಡ್ ಮಾಡಿಸಿ 12 ಮಿ.ಮೀ. ಲೆವೆಲಿಂಗ್ ಬೋಲ್ಟ್ ಹಾಕಿದರೆ ನಾಲ್ಕು ಪಾದ ಆದವು. ಆ ಬೋಲ್ಟ್ ಒಂದು ಸುತ್ತಿಗೆ 1.75 ಮಿ.ಮೀ. ಏರುತ್ತದೆ, ಮಟ್ಟ ಹೊಂದಿಸಲು ಇಷ್ಟು ಸೂಕ್ಷ್ಮ ಸಾಕು.

ಇನ್ನು ಗಾಲಿ. ನಾಲ್ಕು ಬೇಡ, ಹಿಂದೆ ಎರಡು ಫಿಕ್ಸ್ ಗಾಲಿ ಸಾಕು. ಅವನ್ನು ಹಿಂದಿನ ಪಾದಗಳಿಗಿಂತ ಸ್ವಲ್ಪ ಆಚೆಗೆ, ಮೆಷಿನ್ ಪಾದಗಳ ಮೇಲೆ ನಿಂತಾಗ ನೆಲದಿಂದ ಎರಡು ಮೂರು ಮಿ.ಮೀ. ಮೇಲೆ ಇರುವ ಹಾಗೆ ಕೂರಿಸಬೇಕು. ಮುಂಭಾಗವನ್ನು ಎತ್ತಿದ ತಕ್ಷಣ ಗಾಲಿ ನೆಲ ಮುಟ್ಟುತ್ತದೆ, ಹಿಂದಿನ ಪಾದ ಬಿಡುತ್ತದೆ. ಇಳಿಸಿದರೆ ಮತ್ತೆ ನಾಲ್ಕು ಪಾದದ ಮೇಲೆ ಗಟ್ಟಿಯಾಗಿ ನಿಂತಿತು. ಬ್ರೇಕೇ ಬೇಕಿಲ್ಲ, ಎತ್ತರವೂ ಅಷ್ಟೇನು ಏರುವುದಿಲ್ಲ.

ಮುಂಭಾಗ ಎತ್ತುವುದಕ್ಕೆ ಪ್ರತ್ಯೇಕ ಹಿಡಿ. ಉದ್ದ ಪೈಪು, ಅದರ ಬುಡದಲ್ಲಿ ಎರಡು ಸಣ್ಣ ಗಾಲಿ, ಮುಂದೆ ಚಾಚಿದ ನಾಲಿಗೆ, ನಾಲಿಗೆಯ ತುದಿಯಲ್ಲಿ ಫ್ರೇಮಿನ ತೂತಿಗೆ ಕೂರುವ ಪಿನ್. ಹಿಡಿಯನ್ನು ಕೆಳಗೆ ಒತ್ತಿದರೆ ನಾಲಿಗೆ ಮೆಷಿನ್ ಎತ್ತುತ್ತದೆ, ಹಾಗೇ ಹಿಡಿದು ಎಳೆದುಕೊಂಡು ಹೋಗಬಹುದು, ತಿರುವನ್ನೂ ಅದರಲ್ಲೇ ತೆಗೆದುಕೊಳ್ಳಬಹುದು. 220 ಕೆ.ಜಿ. ಮೆಷಿನ್ನಿನ ಅರ್ಧ ಭಾರ, ಅಂದರೆ 110 ಕೆ.ಜಿ. ಮುಂದಕ್ಕೆ ಬರುತ್ತದೆ ಅನ್ನಿ. ನಾಲಿಗೆ 20 ಸೆಂ.ಮೀ., ಹಿಡಿ 100 ಸೆಂ.ಮೀ. ಇದ್ದರೆ ನೀವು ಒತ್ತಬೇಕಾದ್ದು 22 ಕೆ.ಜಿ. ಅಷ್ಟೇ. 60 ಸೆಂ.ಮೀ. ಉದ್ದದ ಫ್ರೇಮನ್ನು ಒಂದು ತುದಿಯಲ್ಲಿ 25 ಮಿ.ಮೀ. ಎತ್ತಿದರೆ ವಾಲುವುದು ಎರಡೂವರೆ ಡಿಗ್ರಿಗಿಂತ ಕಡಿಮೆ, ಹಾಗಾಗಿ ಮಗುಚುವ ಭಯವೂ ಇಲ್ಲ. ಎಲ್ಲ ಫ್ರೇಮಿಗೂ ಒಂದೇ ಅಳತೆಯ ತೂತು ಇಟ್ಟರೆ ಒಂದೇ ಹಿಡಿ ಎಲ್ಲ ಮೆಷಿನ್‌ಗೂ ಆಗುತ್ತದೆ. ವೆಲ್ಡರ್‌ಗೆ ಬಾಯಲ್ಲಿ ಹೇಳಿದರೆ ಅವರಿಗೆ ಗೊತ್ತಿರುವ ಟ್ರಾಲಿಯನ್ನೇ ಮಾಡಿಕೊಡುತ್ತಾರೆ. ಗಾಲಿಯ ಅಡಿ ಮತ್ತು ಪಾದದ ಅಡಿ ನಡುವಿನ ಆ ಎರಡು ಮೂರು ಮಿ.ಮೀ. ಅಂತರವನ್ನು ಚಿತ್ರ ಬರೆದು ಕೊಡಿ, ಗಾಲಿಯನ್ನು ಮೊದಲೇ ಕೊಂಡು ಅವರ ಕೈಗೆ ಇಡಿ.

ಇದರ ಕೊರತೆ ಒಂದೇ, ಇಕ್ಕಟ್ಟಲ್ಲಿ ಪಕ್ಕಕ್ಕೆ ಜರುಗುವುದಿಲ್ಲ. ಗೋಡೆಗೆ ಅಂಟಿಕೊಂಡಂತೆ ಅಡ್ಡಡ್ಡ ಸರಿಸಬೇಕಾದರೆ ನಾಲ್ಕೂ ತಿರುಗುವ ಗಾಲಿಯೇ ಬೇಕು.

ಹ್ಯಾಂಡ್ ಪ್ಯಾಲೆಟ್ ಟ್ರಕ್, ಅಂದರೆ ಎರಡು ಫೋರ್ಕ್‌ಗಳನ್ನು ಭಾರದ ಅಡಿಗೆ ತೂರಿಸಿ, ಹಿಡಿ ಪಂಪ್ ಮಾಡಿ ಎತ್ತುವ ಕೈಗಾಡಿ. ಪೀಣ್ಯದ ಯಾವ ಶೆಡ್‌ಗೆ ಹೋದರೂ ಮೂಲೆಯಲ್ಲಿ ಒಂದು ನಿಂತಿರುತ್ತದೆ. ಎರಡು ಮೂರು ಟನ್ ಎತ್ತುತ್ತದೆ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ. ನಾಲ್ಕೈದು ಭಾರದ ಮೆಷಿನ್ ಇದ್ದರೆ ಎಲ್ಲಕ್ಕೂ ಬೇರೆ ಬೇರೆ ಬೇಸ್ ಮಾಡಿಸುವ ಬದಲು ಇದೊಂದೇ ಸಾಕು. ಪ್ರತಿ ಮೆಷಿನ್ನನ್ನೂ ನಾಲ್ಕು ಇಂಚಿನ ಎರಡು ತೊಲೆ ತುಂಡುಗಳ ಮೇಲೆ ಬೋಲ್ಟ್ ಮಾಡಿಡಿ. ಟ್ರಕ್ಕಿನ ಫೋರ್ಕ್ ಇಳಿದಾಗ 85 ಮಿ.ಮೀ. ಎತ್ತರ, ಹೊರ ಅಗಲ ಸಾಮಾನ್ಯವಾಗಿ 550 ಮಿ.ಮೀ., ಆದ್ದರಿಂದ ತೊಲೆಗಳ ನಡುವೆ 600 ಬಿಡಿ. ಬುಡ ಚಿಕ್ಕದಾದ ಬ್ಯಾಂಡ್ ಸಾ, ಪಿಲ್ಲರ್ ಡ್ರಿಲ್‌ಗೆ ಮೊದಲು ಅಗಲವಾದ ಹಲಗೆ ಬೇಕು, ಅದರಿಂದ ನಿಲುವೂ ಗಟ್ಟಿಯಾಗುತ್ತದೆ. ಆದರೆ ಫೋರ್ಕೇ 1150 ಮಿ.ಮೀ. ಉದ್ದ, ತಿರುಗಿಸಲು ಜಾಗ ಬೇಕು. ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಹಾಗಾಗಿ ಗೇಟಿನ ಕಡೆಗೆ ಇಳಿಜಾರಾಗಿರುವ ಮನೆ ಪಾರ್ಕಿಂಗ್‌ನಲ್ಲಿ ಇದು ಅಪಾಯ. ಟೈಲ್ಸ್ ಇದ್ದರೆ ಅದರ ಸಣ್ಣ ರೋಲರ್ ಕೆಳಗೆ ಪ್ಲೈ ಹಾಸಿಯೇ ಓಡಿಸಬೇಕು. ಮನೆಗೆ ಬೇಡ, ಶೆಡ್‌ಗೆ ಮೊದಲ ಆಯ್ಕೆ.

ಯಾವ ಮೆಷಿನ್‌ಗೆ ಯಾವುದು

ಟೇಬಲ್ ಸಾ, ಸರ್ಫೇಸ್ ಪ್ಲೇನರ್ (ಹಲಗೆಯ ಮುಖ ಮಟ್ಟ ಮಾಡುವುದು) ಎರಡಕ್ಕೂ ಎರಡು ಗಾಲಿಯ ಫ್ರೇಮ್. ಪ್ಲೇನರನ್ನು ಎತ್ತುವಾಗ, ಎಳೆಯುವಾಗ ಉದ್ದ ಟೇಬಲಿನ ತುದಿ ಹಿಡಿಯಬೇಡಿ, ಆ ಟೇಬಲ್‌ಗಳ ಸಮತಟ್ಟು ಕೆಟ್ಟರೆ ಮತ್ತೆ ಹೊಂದಿಸುವುದು ದೊಡ್ಡ ರಾಮಾಯಣ. ಟೇಬಲ್ ಸಾದಲ್ಲಿ ಫೆನ್ಸ್ (ಮರ ಒರಗಿಸುವ ಪಟ್ಟಿ) ಜಾರುವ ರೈಲು ಹಿಡಿದು ಎಳೆಯುವುದೂ ಅಷ್ಟೇ ತಪ್ಪು.

ಬ್ಯಾಂಡ್ ಸಾಗೆ ಬುಡಕ್ಕಿಂತ ಅಗಲವಾದ ಫ್ರೇಮ್, ಕಿವಿಯ ಮೇಲೆ ಗಾಲಿ. ತಳ್ಳುವಾಗ ಕೈ ಟೇಬಲ್ ಮಟ್ಟಕ್ಕಿಂತ ಕೆಳಗಿರಲಿ, ಮೇಲಿನ ಚಕ್ರದ ಡಬ್ಬಿ ಹಿಡಿದು ಎಳೆದರೆ ಅದು ನಿಮ್ಮ ಮೇಲೇ ಬರುತ್ತದೆ. ಪಿಲ್ಲರ್ ಡ್ರಿಲ್ ಇನ್ನೂ ಪೋಕರಿ. ಮೋಟಾರ್, ತಲೆ ಎಲ್ಲ ಮೇಲೆ, ಬುಡ ಕಿರಿದು. ಅದನ್ನು ಗೋಡೆ ಪಕ್ಕ ನೆಲಕ್ಕೆ ಬೋಲ್ಟ್ ಮಾಡಿಬಿಡುವುದೇ ಲೇಸು, ಡ್ರಿಲ್ ಮಾಡಲು 16 ಅಡಿ ಜಾಗ ಯಾರಿಗೂ ಬೇಕಿಲ್ಲ. ಲೇತ್‌ಗೂ ಗಾಲಿ ಬೇಡ. ಮರದ ಲೇತ್‌ನಲ್ಲಿ ಓರೆಕೋರೆ ದಿಮ್ಮಿ ತಿರುಗಿಸುವಾಗ ಅದುರುವುದನ್ನು ತಡೆಯಲು ಜನ ಮರಳು ಮೂಟೆ ಹೇರುತ್ತಾರೆ, ನಾವು ಗಾಲಿ ಹಾಕುವುದೆಂದರೇನು. ಕಬ್ಬಿಣ ಕಡೆಯುವ ಲೇತ್‌ನಲ್ಲಿ ಬೆಡ್ (ಉದ್ದದ ಹಾಸು) ಕೊಂಚ ತಿರುಚಿದರೂ ಕಡೆದ ತುಂಡು ಕೋನ್ ಆಗಿ ಬರುತ್ತದೆ.

ಕೊನೆಗೆ ಕರೆಂಟು. ಜರುಗುವ ಮೆಷಿನ್‌ಗೆ ಗೋಡೆಯಿಂದ ನೇರ ವೈರಿಂಗ್ ಆಗುವುದಿಲ್ಲ, ಪ್ಲಗ್ ಬೇಕು. ಸಿಂಗಲ್ ಫೇಸ್‌ಗೆ 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ಕೇಬಲ್‌ಗಿಂತ ತೆಳ್ಳಗಿನದು ಬೇಡ. ಗಾಲಿ ಕೇಬಲ್ ಮೇಲೆ ಹತ್ತದ ಹಾಗೆ ಫ್ರೇಮಿನಲ್ಲೇ ಒಂದು ಕೊಕ್ಕೆ ಹಾಕಿ ಸುತ್ತಿಡಿ. ತ್ರೀ ಫೇಸ್ ಆದರೆ ಕೆಂಪು ಬಣ್ಣದ 5 ಪಿನ್ ಇಂಡಸ್ಟ್ರಿಯಲ್ ಪ್ಲಗ್. ಎರಡು ಮೂರು ಕಡೆ ಸಾಕೆಟ್ ಹಾಕಿಸಿದ್ದರೆ ಎಲ್ಲದರಲ್ಲೂ ಫೇಸ್ ಕ್ರಮ ಒಂದೇ ಇರಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಒತ್ತಿ ಹೇಳಿ. ಎರಡು ಫೇಸ್ ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಬ್ಲೇಡ್ ಹಿಡಿದಿರುವ ನಟ್ ಸಡಿಲ ಆಗಬಹುದು. ಹೊಸ ಸಾಕೆಟ್‌ಗೆ ಮೊದಲ ಸಲ ಚುಚ್ಚಿದಾಗ ಮರ ಇಡದೇ, ಪಕ್ಕಕ್ಕೆ ನಿಂತು, ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ, ಯಾವ ಕಡೆ ತಿರುಗುತ್ತಿದೆ ನೋಡಿ.